ಅನಸ್ತಮಿತ ವ್ರತವೂ ಪ್ರವಾಸದ ಕೊನೆಯ ದಿನವೂ

ವ್ರತವೆಂದರೆ ತಿಳಿದು ಹಾಕಿಕೊಂಡ ಎಲ್ಲೆ. ಅನ್ನ ದೊರೆಯದೆ ಹಸಿದಿರುವವನನ್ನು ಉಪವಾಸಿಯೆಂದು ಯಾರೂ ಕರೆಯುವುದಿಲ್ಲ. ಹೊಳೆಗೆ ನೆರೆ ಬಂದುದರಿಂದ ಊರಿನಲ್ಲಿಯೇ ಉಳಿದವನು ದಿಗ್ವ್ರತಿಯೆನಿಸುವುದಿಲ್ಲ. ದೊರೆಯುವ ವಸ್ತುವನ್ನು ದೊರೆಯುವ ಕಾಲದಲ್ಲಿಯೇ ಬಿಡುವುದು ವಿರತಿ, ವಿರತಿಯೇ ವ್ರತ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಹಿಂಸಾದಿ ಐದು ಪಾಪಗಳಿಂದ ವಿರತಿಯನ್ನೇ ವ್ರತವೆಂದು ಹೇಳಿ ಆರಂಭವಾಗುವುದು ಈ ಕಾರಣದಿಂದಲೇ. ಆದುದರಿಂದ ಎಲ್ಲೆಯ ಕಲ್ಲು ಕಣ್ಣೆದುರಿಗೆ ಇರುವಾಗ ನಿಲ್ಲುವುದು ವ್ರತದ ಮೊದಲ ಪಾಠವಾದರೆ, ಆ ಕಲ್ಲು ಕಾಣದ ಕಡೆ ನಿಲ್ಲುವುದು ಅದರ ನಿಜವಾದ ಪರೀಕ್ಷೆ.

ಶ್ರಾವಕರ ಮನೆಗಳಲ್ಲಿ ಅತ್ಯಂತ ಸಾಮಾನ್ಯವಾಗಿ ಕಾಣುವ ನಿಯಮ ರಾತ್ರಿಭೋಜನ ತ್ಯಾಗ. ಸೂರ್ಯನು ಅಸ್ತಮಿಸುವ ಮೊದಲೇ ಉಂಡು ಮುಗಿಸುವುದರಿಂದ ಇದಕ್ಕೆ ಅನಸ್ತಮಿತ ವ್ರತವೆಂದೂ ಹೆಸರುಂಟು. ಸೂರ್ಯಾಸ್ತಕ್ಕೆ ಎರಡು ಘಳಿಗೆ, ಎಂದರೆ 48 ನಿಮಿಷ ಮುಂಚಿತವಾಗಿ ಊಟ ಮುಗಿಯಬೇಕು. ಸೂರ್ಯೋದಯವಾಗಿ ಎರಡು ಘಳಿಗೆ ಕಳೆದ ಮೇಲೆಯೇ ಮತ್ತೆ ಬಾಯಿಗೆ ಆಹಾರ. ಪಡುವಣದಲ್ಲಿ ಸೂರ್ಯ ಇಳಿಯುವುದನ್ನು ನೋಡಿ ಅಡುಗೆಮನೆಯ ಒಲೆ ಆರಿಸುವ ಪದ್ಧತಿಯಲ್ಲಿ ಬೆಳೆದವರಿಗೆ ಈ ವ್ರತದ ಎಲ್ಲೆ ಎಲ್ಲಿದೆಯೆಂದು ಹೇಳಿಕೊಡಬೇಕಾಗಿಲ್ಲ. ಆಕಾಶವೇ ಅದನ್ನು ದಿನವೂ ತೋರಿಸುತ್ತದೆ.

ಆದರೆ ಆಕಾಶವು ಆ ಎಲ್ಲೆಯನ್ನು ತೋರಿಸದೆ ಹೋದರೆ? ಸೂರ್ಯನೇ ಅಸ್ತಮಿಸದ ನಾಡಿಗೆ ಹೋಗಿ, ಅಲ್ಲಿಂದ ಮನೆಗೆ ಹಿಂದಿರುಗುವ ಶ್ರಾವಕನ ಸ್ಥಿತಿ ಏನು? ಈ ಪ್ರಶ್ನೆ ಹಿಂದೆ ಪಂಡಿತರ ವಿನೋದಕ್ಕೆ ಮಾತ್ರ ಒದಗಬಹುದಾಗಿತ್ತು. ಮಕ್ಕಳು ಯೂರೋಪಿನಲ್ಲಿ ಉದ್ಯೋಗದಲ್ಲಿದ್ದು, ವಯಸ್ಸಾದ ತಂದೆತಾಯಿಯರನ್ನು ಹಡಗಿನ ಪ್ರವಾಸಕ್ಕೆ ಕರೆದೊಯ್ಯುವ ಈ ಕಾಲದಲ್ಲಿ ಅದು ಮನೆಯ ಪ್ರಶ್ನೆಯಾಗಿದೆ.

ಮುಳುಗದ ಸೂರ್ಯ

ನಾರ್ವೆ ದೇಶದ ಪಶ್ಚಿಮ ಕರಾವಳಿಯಲ್ಲಿ ಬೆರ್ಗನ್ ಬಂದರಿನಿಂದ ಹೊರಟು, ಉತ್ತರದ ತುದಿಯನ್ನು ಬಳಸಿ, ರಷ್ಯದ ಗಡಿಯ ಸಮೀಪದ ಕಿರ್ಕೆನೆಸ್‌ವರೆಗೆ ಹೋಗಿ, ಮತ್ತೆ ಬೆರ್ಗನ್‌ಗೆ ಮರಳುವ ಹಡಗಿನ ಮಾರ್ಗವೊಂದು ಪ್ರಸಿದ್ಧವಾಗಿದೆ. ಹೋಗಿ ಬರಲು 12 ದಿನ. ದಾರಿಯಲ್ಲಿ 34 ಬಂದರುಗಳು. 1893ರಲ್ಲಿ ರಿಚರ್ಡ್ ವಿತ್ ಎಂಬ ನಾವಿಕನು 'ವೆಸ್ಟರೋಲೆನ್' ಎಂಬ ಉಗಿಹಡಗಿನಿಂದ ಇದನ್ನು ಆರಂಭಿಸಿದಾಗ ಇದು ಟಪಾಲು ಮತ್ತು ಸರಕು ಸಾಗಿಸುವ ಮಾರ್ಗವಾಗಿತ್ತು. ಇಂದು ಸರಕಿನೊಂದಿಗೆ ಯಾತ್ರಿಕರೂ ತುಂಬಿರುತ್ತಾರೆ.

ಈ ಹಡಗು ಉತ್ತರಕ್ಕೆ ಸಾಗುವಾಗ ಉತ್ತರ ಧ್ರುವವೃತ್ತವನ್ನು ದಾಟುತ್ತದೆ. ಅದನ್ನು ದಾಟಿದ ನಂತರ ಬೇಸಗೆಯ ನಡುವಿನಲ್ಲಿ ಸೂರ್ಯನು ದಿಗಂತದ ಕಡೆಗೆ ಇಳಿದರೂ ಮುಳುಗುವುದಿಲ್ಲ. ಮಧ್ಯರಾತ್ರಿಯಲ್ಲಿ ಕೆಂಪಾಗಿ ನೀರಿನ ಮೇಲೆ ತೂಗಿ, ಮತ್ತೆ ಏರತೊಡಗುತ್ತಾನೆ. 71 ಅಂಶ ಅಕ್ಷಾಂಶದಲ್ಲಿರುವ ಉತ್ತರ ಭೂಶಿರದಲ್ಲಿ ಮೇ ತಿಂಗಳ ನಡುವಿನಿಂದ ಜುಲೈ ತಿಂಗಳ ಕೊನೆಯವರೆಗೆ, ಸುಮಾರು ಎರಡೂವರೆ ತಿಂಗಳು, ಸೂರ್ಯಾಸ್ತವೇ ಇಲ್ಲ. ಅದೇ ಸ್ಥಳದಲ್ಲಿ ನವೆಂಬರ್ ತಿಂಗಳ ಉತ್ತರಾರ್ಧದಿಂದ ಜನವರಿ ತಿಂಗಳ ಉತ್ತರಾರ್ಧದವರೆಗೆ, ಸುಮಾರು ಎರಡು ತಿಂಗಳು, ಸೂರ್ಯೋದಯವಿಲ್ಲ. ಹಡಗು ದಕ್ಷಿಣಕ್ಕೆ ತಿರುಗಿ ಬರುವಾಗ, ಯಾತ್ರೆಯ ಕೊನೆಯ ಎರಡು ಮೂರು ದಿನಗಳಲ್ಲಿ ಸೂರ್ಯಾಸ್ತವು ಮರಳಿ ಕಾಣಿಸಿಕೊಳ್ಳುತ್ತದೆ. ಆದರೂ ಜೂನ್ ತಿಂಗಳಲ್ಲಿ ಬೆರ್ಗನ್‌ನಲ್ಲಿ ಸೂರ್ಯ ಮುಳುಗುವುದು ರಾತ್ರಿ 11 ಗಂಟೆಯ ಮೇಲೆ. ಹಗಲಿನ ಉದ್ದ ಸುಮಾರು 19 ಗಂಟೆ.

ಯತಿವೃಷಭಾಚಾರ್ಯರ ತಿಲೋಯಪಣ್ಣತ್ತಿಯು ಅತಿ ದೀರ್ಘವಾದ ಹಗಲು 18 ಮುಹೂರ್ತ, ಅತಿ ಹ್ರಸ್ವವಾದ ಹಗಲು 12 ಮುಹೂರ್ತವೆಂದು ಲೆಕ್ಕ ಕೊಡುತ್ತದೆ. ಮುಹೂರ್ತಕ್ಕೆ 48 ನಿಮಿಷದಂತೆ ಇವು 14 ಗಂಟೆ 24 ನಿಮಿಷ ಮತ್ತು 9 ಗಂಟೆ 36 ನಿಮಿಷಗಳಾಗುತ್ತವೆ. ಕರ್ನಾಟಕದ ಹಗಲು ಹೆಚ್ಚೆಂದರೆ 13 ಗಂಟೆ. ಆಚಾರ್ಯರು ಶ್ರಾವಕರಿಗೆ ಊಟದ ನಿಯಮ ಹೇಳುವಾಗ ಅವರ ಎದುರಿಗೆ ಇದ್ದುದು ಇಂತಹ ಹಗಲು, ಇಂತಹ ಇರುಳು. ಅದರ ಹೊರಗಿನ ನಾಡಿಗೆ ಶ್ರಾವಕನು ತಾನಾಗಿ ಹೋದಾಗ, ನಿಯಮದ ಅಕ್ಷರವು ಅವನ ಜೊತೆಯಲ್ಲಿ ಎಷ್ಟು ದೂರ ಬರುತ್ತದೆ, ಅದರ ಆಶಯವು ಎಷ್ಟು ದೂರ ಬರುತ್ತದೆ ಎಂಬುದನ್ನು ವಿಚಾರಿಸಬೇಕಾಗುತ್ತದೆ.

ಶಂಕೆ

ಒಂದು ದೃಷ್ಟಾಂತವನ್ನು ಕಲ್ಪಿಸಿಕೊಳ್ಳಬಹುದು. ಒಬ್ಬ ಗೃಹಸ್ಥರು ಮತ್ತು ಅವರ ಧರ್ಮಪತ್ನಿ. ಇಬ್ಬರೂ ಮುನಿಗಳ ಸನ್ನಿಧಿಯಲ್ಲಿ ಯಾವಜ್ಜೀವವಾಗಿ ರಾತ್ರಿಭೋಜನ ತ್ಯಾಗ ಮಾಡಿದವರು. ಮಗನು ಸೊಸೆ ಮೊಮ್ಮಗನೊಡನೆ ಅವರನ್ನು ಜೂನ್ ತಿಂಗಳಲ್ಲಿ ಈ ಹಡಗಿನ ಯಾತ್ರೆಗೆ ಕರೆದೊಯ್ದಿದ್ದಾನೆ. ಸಸ್ಯಾಹಾರವನ್ನು ಮುಂಚಿತವಾಗಿಯೇ ಹೇಳಿಸಿದ್ದಾನೆ. ಕಂದಮೂಲವಿಲ್ಲದ ಊಟ ಸಿಗದಿದ್ದರೆ ಇರಲೆಂದು ಅವಲಕ್ಕಿ, ಹುರಿಗಡಲೆ, ಒಣಹಣ್ಣು ಕಟ್ಟಿಕೊಂಡಿದ್ದಾರೆ. ಹಿಟ್ಟಿಗೆ ಮಳೆಗಾಲದಲ್ಲಿ 3, ಬೇಸಗೆಯಲ್ಲಿ 5, ಚಳಿಗಾಲದಲ್ಲಿ 7 ದಿನದ ಮರ್ಯಾದೆ ಇರುವುದರಿಂದ ಹಿಟ್ಟಿನ ತಿನಿಸನ್ನು ಆ ತಾಯಿ ತಂದಿಲ್ಲ. ಧ್ರುವವೃತ್ತವನ್ನು ದಕ್ಷಿಣಕ್ಕೆ ದಾಟಿ ಬರುವಾಗ ಹಡಗಿನವರು ವಿನೋದಕ್ಕಾಗಿ ಯಾತ್ರಿಕರಿಗೆಲ್ಲ ಒಂದೊಂದು ಚಮಚ ಮೀನೆಣ್ಣೆ ಕುಡಿಸುವ ರೂಢಿಯುಂಟು. ಅದನ್ನು ಕೈಮುಗಿದು ಬೇಡವೆನ್ನುವುದು ಯಾವ ಜೈನನಿಗೂ ಕಷ್ಟವಲ್ಲ. ಅಲ್ಲಿ ಎಲ್ಲೆ ಸ್ಪಷ್ಟವಾಗಿದೆ.

ಕಷ್ಟವಿರುವುದು ಸಂಜೆ 7 ಗಂಟೆಯ ಊಟದಲ್ಲಿ. ಹೊರಗೆ ಬಿಸಿಲು ಮಧ್ಯಾಹ್ನದಂತಿದೆ. ತಾಯಿ ಊಟಕ್ಕೆ ಕುಳಿತಿಲ್ಲ. ಮಗನು ಕೇಳುತ್ತಾನೆ: "ಅಮ್ಮಾ, ಸೂರ್ಯ ಮುಳುಗುವ ಮೊದಲು ಉಣ್ಣಬೇಕೆನ್ನುವುದು ತಾನೆ ನಿನ್ನ ವ್ರತ? ಸೂರ್ಯ ಅಲ್ಲಿಯೇ ಇದ್ದಾನೆ. ಬೆಳಕಿದೆ, ತಟ್ಟೆಯಲ್ಲಿ ಹುಳು ಹುಪ್ಪಟೆ ಬಿದ್ದರೆ ಕಾಣುತ್ತದೆ. ಇನ್ನೇನು ದೋಷ?"

ತಾಯಿಯ ಉತ್ತರ ಚಿಕ್ಕದು: "ಸೂರ್ಯ ಮುಳುಗದಿದ್ದರೆ ಏನಾಯಿತು ಮಗೂ, ನನ್ನ ಊಟದ ಹೊತ್ತು ಮುಳುಗಿತು."

ತಂದೆಯವರು ಮಗನ ಪಕ್ಷದಲ್ಲಿದ್ದಾರೆ. ಸೂರ್ಯನಿರುವ ತನಕ ಹಗಲು, ಹಗಲಿರುವ ತನಕ ಊಟಕ್ಕೆ ಬಾಧಕವಿಲ್ಲವೆಂದು ಅವರು ನೆಮ್ಮದಿಯಿಂದ ಉಣ್ಣುತ್ತಾರೆ.

ಮಗನ ಮಾತನ್ನು ಕುತರ್ಕವೆಂದು ತಳ್ಳಿಬಿಡುವುದು ನ್ಯಾಯವಲ್ಲ. ವ್ರತಕ್ಕೆ ಒಂದು ಕಾರಣವಿರಬೇಕು, ಕಾರಣವಿಲ್ಲದ ಕಡೆ ವ್ರತವೂ ಬೇಕಿಲ್ಲ ಎಂಬುದು ಅವನ ವಾದ. ಇದು ಪ್ರಾಮಾಣಿಕವಾದ ಶಂಕೆ. ಶಾಸ್ತ್ರಕಾರರು ಇಂತಹ ಶಂಕೆಗಳನ್ನು ತಾವೇ ಎತ್ತಿ ಉತ್ತರಿಸಿದ್ದಾರೆ, ಕೇಳಿದವನನ್ನು ಗದರಿಸಲಿಲ್ಲ.

ಸಮಾಧಾನ

ಪೂಜ್ಯಪಾದಾಚಾರ್ಯರ ಸರ್ವಾರ್ಥಸಿದ್ಧಿಯಲ್ಲಿ ಒಂದು ಪ್ರಶ್ನೆ ಬರುತ್ತದೆ: ರಾತ್ರಿಭೋಜನ ವಿರಮಣವೆಂಬ ಆರನೆಯ ಅಣುವ್ರತವನ್ನೂ ಇಲ್ಲಿ ಎಣಿಸಬೇಡವೆ? ಎಣಿಸಬೇಕಾಗಿಲ್ಲ, ಅದು ಅಹಿಂಸಾವ್ರತದ ಭಾವನೆಗಳಲ್ಲಿಯೇ ಅಡಕವಾಗಿದೆ ಎಂಬುದು ಉತ್ತರ. ಆ ಭಾವನೆಯ ಹೆಸರು ಆಲೋಕಿತಪಾನಭೋಜನ, ಎಂದರೆ ಬೆಳಕಿನಲ್ಲಿ ನೋಡಿ ಉಣ್ಣುವುದು, ನೋಡಿ ಕುಡಿಯುವುದು. ಇಷ್ಟನ್ನೇ ಹಿಡಿದರೆ ಮಗನ ವಾದಕ್ಕೆ ಬಲ ಬರುತ್ತದೆ. ನೋಡಲು ಬೆಳಕು ಇದೆಯಲ್ಲ!

ಆದರೆ ಅಮೃತಚಂದ್ರಸೂರಿಗಳ ಪುರುಷಾರ್ಥಸಿದ್ಧ್ಯುಪಾಯವು ಇನ್ನೊಂದು ಅಂಗವನ್ನು ಮುಂದಿಡುತ್ತದೆ. ಹಿಂಸೆಯೆಂದರೆ ಹೊರಗೆ ಜೀವಿಯ ಪ್ರಾಣಕ್ಕೆ ಆಗುವ ಘಾತ ಮಾತ್ರವಲ್ಲ. ಒಳಗೆ ರಾಗಾದಿಗಳು ಏಳುವುದೇ ಹಿಂಸೆ. ಹಾಗಾದರೆ ಹಗಲಿನ ಊಟವನ್ನು ಬಿಟ್ಟು ರಾತ್ರಿ ಉಂಡರೆ ಸಾಲದೆ ಎಂಬ ಆಕ್ಷೇಪವನ್ನು ಅವರು ತೆಗೆದುಕೊಂಡು, ರಾತ್ರಿಯ ಊಟದಲ್ಲಿ ರಾಗವು ಅಧಿಕವೆಂದು ಸಮಾಧಾನ ಹೇಳುತ್ತಾರೆ. ದೀಪದ ಬೆಳಕಿನ ಮಾತನ್ನೂ ಅವರು ಬಿಡಲಿಲ್ಲ. ದೀಪವಿದ್ದ ಮಾತ್ರಕ್ಕೆ ಆಹಾರದಲ್ಲಿ ಬೀಳುವ ಸೂಕ್ಷ್ಮಜೀವಿಗಳ ಹಿಂಸೆಯನ್ನು ತಪ್ಪಿಸಲಾಗುವುದಿಲ್ಲವೆಂದು ತಿಳಿಸಿದ್ದಾರೆ. ಹೀಗೆ ಈ ವ್ರತಕ್ಕೆ ಎರಡು ಅಂಗಗಳು: ದ್ರವ್ಯಹಿಂಸೆಯನ್ನು ತಪ್ಪಿಸುವುದು ಒಂದು, ನಾಲಗೆಯ ರಾಗಕ್ಕೆ ಕಾಲದ ಎಲ್ಲೆ ಹಾಕುವುದು ಇನ್ನೊಂದು. ಮುಳುಗದ ಸೂರ್ಯನು ಮೊದಲನೆಯದಕ್ಕೆ ನೆರವಾಗಬಹುದು. ಎರಡನೆಯದನ್ನು ಅವನು ಮಾಡಿಕೊಡುವುದಿಲ್ಲ, ಊರಿನಲ್ಲಿಯೂ ಮಾಡಿಕೊಡುತ್ತಿರಲಿಲ್ಲ. ಊರಿನಲ್ಲಿ ಅವನು ಸಾಕ್ಷಿಯಾಗಿದ್ದ, ಎಲ್ಲೆ ಹಾಕಿಕೊಂಡವನು ಶ್ರಾವಕನೇ.

ಇದನ್ನು ಒಪ್ಪದವರು ಸೂರ್ಯನನ್ನೇ ಪೂರ್ತಿಯಾಗಿ ನಂಬಿ ನೋಡಲಿ. ಉತ್ತರ ಭೂಶಿರದ ಬೇಸಗೆಯಲ್ಲಿ ಎರಡೂವರೆ ತಿಂಗಳ ಕಾಲ ಯಾವ ಹೊತ್ತಿನಲ್ಲಿ ಉಂಡರೂ ದೋಷವಿಲ್ಲವೆಂದಾದರೆ, ಅದೇ ಊರಿನ ಚಳಿಗಾಲದಲ್ಲಿ ಸೂರ್ಯೋದಯವಿಲ್ಲದ ಎರಡು ತಿಂಗಳು ಒಂದು ಅಗುಳನ್ನೂ ಮುಟ್ಟಬಾರದೆಂದಾಗಬೇಕು. ಮೊದಲನೆಯ ಸೌಕರ್ಯವನ್ನು ಪಡೆಯುವವನು ಎರಡನೆಯ ಸಂಕಟವನ್ನೂ ಒಪ್ಪಬೇಕು. ಒಪ್ಪುವವರು ಯಾರೂ ಇಲ್ಲ. ಚಳಿಗಾಲದಲ್ಲಿ ಗಡಿಯಾರವನ್ನು ನೋಡಿ ಉಣ್ಣುವವನು ಬೇಸಗೆಯಲ್ಲಿ ಸೂರ್ಯನನ್ನು ನೋಡಿ ಉಂಡರೆ, ಅವನು ಅನುಸರಿಸುತ್ತಿರುವುದು ಗಡಿಯಾರವನ್ನೂ ಅಲ್ಲ, ಸೂರ್ಯನನ್ನೂ ಅಲ್ಲ, ತನ್ನ ಹಸಿವನ್ನು.

ಅಳತೆ ಯಾವುದು?

ಹಾಗಾದರೆ ಇಂತಹ ನಾಡಿನಲ್ಲಿ ಯಾವ ಅಳತೆಯನ್ನು ಹಿಡಿಯಬೇಕು? ಇದು ಜೈನರಿಗೆ ಮಾತ್ರ ಎದುರಾದ ಪ್ರಶ್ನೆಯಲ್ಲ. ಧ್ರುವವೃತ್ತದಾಚೆಯ ಟ್ರೋಮ್ಸೊ ಪಟ್ಟಣದಲ್ಲಿ ನೆಲೆಸಿದ ಮುಸಲ್ಮಾನರು, ಬೇಸಗೆಯಲ್ಲಿ ರಂಜಾನ್ ಬಂದಾಗ ಇದನ್ನೇ ಎದುರಿಸಿದ್ದಾರೆ. ಅವರಲ್ಲಿ ಮೆಕ್ಕಾ ನಗರದ ಉದಯಾಸ್ತಗಳನ್ನು ಪ್ರಮಾಣವಾಗಿ ಇಟ್ಟುಕೊಂಡವರಿದ್ದಾರೆ. ತಮ್ಮ ಅಳತೆಯನ್ನು ಮುಂಚಿತವಾಗಿ ಗೊತ್ತುಮಾಡಿಕೊಂಡು ಆಮೇಲೆ ಉಪವಾಸಕ್ಕೆ ಕೂರುವ ಆ ಕ್ರಮವು ಗಮನಿಸತಕ್ಕದ್ದು.

ಶ್ರಾವಕನ ಮುಂದೆ ಮೂರು ಅಳತೆಗಳಿವೆ. ಒಂದು, ಊರಿನ ಸೂರ್ಯ. ಭಾರತದ ಗಡಿಯಾರವು ನಾರ್ವೆಯ ಬೇಸಗೆಯ ಗಡಿಯಾರಕ್ಕಿಂತ ಮೂರೂವರೆ ಗಂಟೆ ಮುಂದಿದೆ. ಜೂನ್ ತಿಂಗಳಲ್ಲಿ ಬೆಂಗಳೂರಿನ ಸೂರ್ಯಾಸ್ತ ಸಂಜೆ ಸುಮಾರು 6 ಗಂಟೆ 45 ನಿಮಿಷಕ್ಕೆ. ಅದನ್ನು ಹಿಡಿದರೆ ಹಡಗಿನಲ್ಲಿ ಮಧ್ಯಾಹ್ನ ಎರಡೂವರೆಗೆ ಊಟ ಮುಗಿಯಬೇಕು. ಎರಡು, ಹಡಗಿನ ಗಡಿಯಾರ. ಬೆಳಿಗ್ಗೆ 7 ಗಂಟೆಯಿಂದ ಸಂಜೆ 6 ಗಂಟೆಯವರೆಗೆ ಎಂದು ಊರಿನ ಹಗಲಿನ ಉದ್ದಕ್ಕೆ ಮೀರದಂತೆ ಗೊತ್ತುಮಾಡುವುದು. ಮೂರು, ಆ ಸ್ಥಳದ ಸೂರ್ಯ. ಅದು ಎಲ್ಲಿ ಮುಳುಗುತ್ತದೋ ಅಲ್ಲಿ ಮಾತ್ರ ಉಪಯೋಗಕ್ಕೆ ಬರುವ ಅಳತೆ.

ಇವುಗಳಲ್ಲಿ ಮೊದಲನೆಯದನ್ನಾಗಲಿ ಎರಡನೆಯದನ್ನಾಗಲಿ ಹಿಡಿಯಬಹುದು. ಯಾವುದನ್ನು ಹಿಡಿದ ಎನ್ನುವುದಕ್ಕಿಂತ ಯಾವಾಗ ಹಿಡಿದ ಎನ್ನುವುದು ಮುಖ್ಯ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಕಾಲದ ಮಿತಿಯುಳ್ಳ ತ್ಯಾಗವನ್ನು ನಿಯಮವೆಂದೂ, ಬದುಕಿರುವವರೆಗಿನ ತ್ಯಾಗವನ್ನು ಯಮವೆಂದೂ ವಿಭಾಗಿಸುತ್ತದೆ. ಇಲ್ಲಿ ರಾತ್ರಿಭೋಜನ ತ್ಯಾಗವು ಯಮ. ಪ್ರವಾಸದ ದಿನಗಳಿಗೆಂದು ಗೊತ್ತುಮಾಡಿಕೊಂಡ ಅಳತೆ ಅದರ ಬೇಲಿಯಾಗಿ ನಿಲ್ಲುವ ನಿಯಮ. ಬೇಲಿಯನ್ನು ಹೊರಡುವ ಮೊದಲೇ ಹಾಕಬೇಕು. ಸಾಧ್ಯವಿದ್ದರೆ ಗುರುಗಳಲ್ಲಿಯೋ, ಸ್ವಾಧ್ಯಾಯದ ಹಿರಿಯರಲ್ಲಿಯೋ ಕೇಳಿ, ಜಿನಬಿಂಬದ ಎದುರಿಗೆ ಹೇಳಿಕೊಂಡು ಹೊರಡಬೇಕು. ತಟ್ಟೆಯ ಮುಂದೆ ಕುಳಿತ ಮೇಲೆ ಅಳತೆಯನ್ನು ಹುಡುಕುವವನಿಗೆ ತಟ್ಟೆಯೇ ಅಳತೆಯಾಗುತ್ತದೆ.

ದೃಷ್ಟಾಂತದ ತಾಯಿ ಮಾಡಿದ್ದು ಹೀಗೆ: ಮನೆಯಿಂದ ಹೊರಟ ದಿನದಿಂದ ಹಿಂದಿರುಗಿ ಬಸದಿಯ ದರ್ಶನ ಮಾಡುವ ತನಕ, ತಾನಿರುವ ಸ್ಥಳದ ಗಡಿಯಾರದಲ್ಲಿ ಬೆಳಿಗ್ಗೆ 7 ರಿಂದ ಸಂಜೆ 6 ರ ಒಳಗೆ ಎರಡೇ ಹೊತ್ತಿನ ಊಟ, ಸೂರ್ಯನು ಅದಕ್ಕಿಂತ ಮೊದಲೇ ಮುಳುಗುವ ಕಡೆ ಸೂರ್ಯನೇ ಪ್ರಮಾಣ. ಎರಡರಲ್ಲಿ ಯಾವುದು ಬಿಗಿಯೋ ಅದು. ಈ ಮಾತನ್ನು ಆಕೆ ಮಗನಿಗೂ ಮುಂಚಿತವಾಗಿ ತಿಳಿಸಿದ್ದಳು. ಹೀಗಿರುವಾಗ ಹಡಗಿನಲ್ಲಿ ಆಕೆಗೆ ಯೋಚಿಸುವ ಕೆಲಸವೇ ಉಳಿಯಲಿಲ್ಲ.

ಅಳತೆಯನ್ನು ನಡುವೆ ಬದಲಾಯಿಸುವುದರ ದೋಷವನ್ನು ತಿಳಿಯಲು ದಿಗ್ವ್ರತದ ಅತಿಚಾರಗಳನ್ನು ನೆನೆಯಬಹುದು. ಅವುಗಳಲ್ಲಿ ಒಂದು ಕ್ಷೇತ್ರವೃದ್ಧಿ. ಪೂರ್ವಕ್ಕೆ ನೂರು ಯೋಜನ, ಪಶ್ಚಿಮಕ್ಕೆ ನೂರು ಯೋಜನವೆಂದು ಗೊತ್ತುಮಾಡಿಕೊಂಡವನು, ಪಶ್ಚಿಮದಲ್ಲಿ ಲಾಭ ಕಂಡಾಗ ಪೂರ್ವದ ಐವತ್ತನ್ನು ಕಳೆದು ಪಶ್ಚಿಮಕ್ಕೆ ಕೂಡಿಸುತ್ತಾನೆ. ಲೆಕ್ಕದಲ್ಲಿ ಮೊತ್ತ ತಪ್ಪುವುದಿಲ್ಲ. ಆದರೂ ಅದು ಅತಿಚಾರ. ಏಕೆಂದರೆ ಎಲ್ಲೆಯನ್ನು ಲೋಭವು ಸರಿಸಿತು. ಇದನ್ನೇ ಕಾಲಕ್ಕೆ ಹೊಂದಿಸಿದರೆ, ಒಂದು ಕಡೆ ಸೂರ್ಯನನ್ನೂ ಇನ್ನೊಂದು ಕಡೆ ಗಡಿಯಾರವನ್ನೂ ಬೇಕಾದಂತೆ ಮುಂದೆ ಮಾಡುವುದು ಕಾಲವೃದ್ಧಿಯೆಂದು ಹೇಳಬಹುದು. ಇನ್ನೊಂದು ಅತಿಚಾರ ಸ್ಮೃತ್ಯಂತರಾಧಾನ: ಹಾಕಿಕೊಂಡ ಎಲ್ಲೆಯನ್ನೇ ಮರೆಯುವುದು. ಪ್ರವಾಸದ ಕೊನೆಯ ದಿನ ಈ ಎರಡೂ ಒಟ್ಟಿಗೆ ಬರುತ್ತವೆ.

ಕೊನೆಯ ದಿನ

ಹಡಗಿನ ಯಾತ್ರೆಯ ಕೊನೆಯ ದಿನಕ್ಕೆ ಒಂದು ವಿಶೇಷ ಸ್ವಭಾವವುಂಟು. ಸಾಮಾನುಗಳನ್ನು ಕಟ್ಟಿ ಚೀಟಿ ಅಂಟಿಸಿ ಕೋಣೆಯ ಬಾಗಿಲಿನ ಹೊರಗೆ ಇಡಬೇಕು. ಲೆಕ್ಕ ಪತ್ರಗಳನ್ನು ತೀರಿಸಬೇಕು. ಹಡಗು ಬಂದರನ್ನು ಮುಟ್ಟುವ ಮೊದಲೇ ಕೋಣೆಯನ್ನು ಬಿಟ್ಟುಕೊಡಬೇಕು. ಹನ್ನೆರಡು ದಿನ 'ನನ್ನ ಕೋಣೆ, ನನ್ನ ಕಿಟಕಿ' ಎಂದು ಹೇಳುತ್ತಿದ್ದ ಸ್ಥಳದಲ್ಲಿ ಕೆಲಸದವರು ಹಾಸಿಗೆಯ ಬಟ್ಟೆ ಬದಲಾಯಿಸುತ್ತಿರುತ್ತಾರೆ. ಅದೇ ದಿನ ಅಲ್ಲಿ ಬೇರೊಬ್ಬರು ಬಂದು ತಂಗುತ್ತಾರೆ. ಪರವಸ್ತುವಿನ ಮೇಲಣ ಮಮತ್ವ ಎಂಥದೆಂದು ತಿಳಿಯಲು ಇದಕ್ಕಿಂತ ಹೆಚ್ಚಿನ ಉಪದೇಶ ಬೇಕಿಲ್ಲ. ಆದರೆ ಮನಸ್ಸು ಈ ಉಪದೇಶವನ್ನು ಕೇಳುವುದಿಲ್ಲ. ಅದು ಬೇರೊಂದು ಮಾತು ಹೇಳುತ್ತದೆ: ಹೇಗೂ ಮುಗಿಯಿತು, ಇಷ್ಟು ದಿನ ಪಾಲಿಸಿದ್ದಾಯಿತು, ಇದೊಂದು ಹೊತ್ತು ಏನು ಮಹಾ?

ಕೊನೆಯ ಇರುಳಿನ ಭೋಜನಕ್ಕೆ ಹಡಗಿನವರು ಹೆಚ್ಚಿನ ಭಕ್ಷ್ಯಗಳನ್ನು ಮಾಡಿರುತ್ತಾರೆ. ಸಂಸಾರವೆಲ್ಲ ಒಂದೇ ಮೇಜಿನ ಸುತ್ತ ಕೂರುವುದು ಇನ್ನು ಯಾವಾಗಲೋ ತಿಳಿಯದು. ಮಗನು ಮತ್ತೆ ಕರೆಯುತ್ತಾನೆ. ಈ ಸಲ ತರ್ಕದಿಂದಲ್ಲ, ಪ್ರೀತಿಯಿಂದ. ವ್ರತಿಗೆ ಇದು ತರ್ಕಕ್ಕಿಂತ ಕಠಿಣವಾದ ಗಳಿಗೆ. ತಾಯಿಯು ಬೇರೆ ಕೋಣೆಗೆ ಹೋಗಿ ಕೂರಬಹುದಾಗಿತ್ತು. ಹಾಗೆ ಮಾಡದೆ ಮೇಜಿಗೆ ಬಂದು, ಮೊಮ್ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವನಿಗೆ ಹಣ್ಣು ಬಿಡಿಸಿ ಕೊಡುತ್ತ, ಎಲ್ಲರೂ ಏಳುವ ತನಕ ಕುಳಿತಳು. ತಾನು ಉಣ್ಣಲಿಲ್ಲ, ಉಣ್ಣುವವರಿಗೆ ಮುಜುಗರವಾಗುವಂತೆಯೂ ಮಾಡಲಿಲ್ಲ. ತಾನು ಉಣ್ಣದಿರುವುದು ವ್ರತ. ಉಣ್ಣುವವರನ್ನು ಕೀಳಾಗಿ ನೋಡುವುದು ಮಾನಕಷಾಯ. ಆಹಾರವನ್ನು ಬಿಟ್ಟು ಕಷಾಯವನ್ನು ಉಣ್ಣುವವನ ಉಪವಾಸದಲ್ಲಿ ಲಂಘನವಷ್ಟೇ ಉಳಿಯುತ್ತದೆಯೆಂಬುದನ್ನು ವ್ರತಿಗಳು ಸದಾ ನೆನಪಿಡತಕ್ಕದ್ದು.

ಇನ್ನು ಮನೆಯ ದಾರಿ. ಬೆರ್ಗನ್‌ನಿಂದ ಬೆಂಗಳೂರಿಗೆ ಬರುವವರು ಯೂರೋಪಿನ ಬೇರೊಂದು ನಗರದಲ್ಲಿ ವಿಮಾನ ಬದಲಾಯಿಸಬೇಕು. ಅಲ್ಲಿಂದ ಮಧ್ಯಾಹ್ನ 1 ಗಂಟೆಗೆ ಹೊರಟ ವಿಮಾನವು ಸುಮಾರು 9 ಗಂಟೆ ಹಾರುತ್ತದೆಂದು ಇಟ್ಟುಕೊಳ್ಳಬಹುದು. ಅದು ಪೂರ್ವಾಭಿಮುಖವಾಗಿ ಸಾಗುವುದರಿಂದ ರಾತ್ರಿಯು ಎದುರಾಗಿ ಬರುತ್ತದೆ, ಹಗಲು ಕುಗ್ಗುತ್ತದೆ. ಐದಾರು ಗಂಟೆಯೊಳಗೆ ಕಿಟಕಿಯ ಹೊರಗೆ ಕತ್ತಲೆ. ಹೊರಟ ಸ್ವಲ್ಪ ಹೊತ್ತಿಗೆ, ಬಿಸಿಲಿರುವಾಗಲೇ, ಒಂದು ಊಟ ಕೊಡುತ್ತಾರೆ. ಇಳಿಯುವ ಮೊದಲು, ಕತ್ತಲೆಯಲ್ಲಿ, ಇನ್ನೊಂದು.

ತಾಯಿಯು ಮೊದಲನೆಯದನ್ನು ತನ್ನ ನಿಯಮದಂತೆ ಸ್ವೀಕರಿಸಿ, ಎರಡನೆಯದನ್ನು ಬೇಡವೆಂದಳು. ತಂದೆಯವರು ಕೈಗಡಿಯಾರ ನೋಡಿದರು. ಅದರಲ್ಲಿ ಇನ್ನೂ ನಾರ್ವೆಯ ಸಮಯ, ಗಂಟೆ 8. ಆ ಬಂದರಿನಲ್ಲಿ ಈಗಲೂ ಬಿಸಿಲಿದೆ, ಆದುದರಿಂದ ಹಗಲೇ ಎಂದು ಊಟಕ್ಕೆ ಕೈಯಿಟ್ಟರು.

ಅವರ ಲೆಕ್ಕವನ್ನು ಮುಂದುವರಿಸಿ ನೋಡಬೇಕು. ವಿಮಾನವು ಬೆಂಗಳೂರಿನಲ್ಲಿ ಇಳಿಯುವಾಗ ಅಲ್ಲಿ ಇರುಳು ಒಂದೂವರೆ. ನಾರ್ವೆಯ ಗಡಿಯಾರದಲ್ಲಿ ರಾತ್ರಿ 10 ಗಂಟೆ. ಬೆರ್ಗನ್‌ನಲ್ಲಿ ಸೂರ್ಯ ಇನ್ನೂ ಮುಳುಗಿಲ್ಲ. ಈ ಲೆಕ್ಕದಂತೆ ಅವರು ಮನೆಯ ಬಾಗಿಲು ತೆರೆದು, ಇರುಳಿನ ಎರಡು ಗಂಟೆಗೆ, ಊರೆಲ್ಲ ಮಲಗಿರುವಾಗ ಊಟಕ್ಕೆ ಕುಳಿತರೂ ಅನಸ್ತಮಿತ ವ್ರತ ಭಂಗವಾಗಲಿಲ್ಲವೆಂದು ಹೇಳಬೇಕಾಗುತ್ತದೆ! ಹಾಗೆ ಹೇಳಲು ಅವರೂ ನಾಚುವರು. ಹಡಗಿನಲ್ಲಿ ಕಣ್ಣಿಗೆ ಕಾಣುವ ಸೂರ್ಯನನ್ನು ಪ್ರಮಾಣವಾಗಿ ಹಿಡಿದವರು, ವಿಮಾನದಲ್ಲಿ ಕಣ್ಣಿಗೆ ಕಾಣದ ಸೂರ್ಯನನ್ನು ಹಿಡಿದರು. ಯಾವ ಸುಳ್ಳನ್ನೂ ಆಡದೆ, ಯಾರಿಗೂ ಮೋಸ ಮಾಡದೆ, ಒಂದೊಂದೇ ಒಪ್ಪತಕ್ಕ ಕಾರಣವನ್ನು ಕೊಡುತ್ತ, ಯಾವಜ್ಜೀವ ವ್ರತವೊಂದು ಕೈಯಿಂದ ಜಾರಿಹೋಯಿತು. ವ್ರತಗಳು ಸಾಮಾನ್ಯವಾಗಿ ಮುರಿಯುವುದು ಹೀಗೆಯೇ. ದೊಡ್ಡ ಪಾಪದ ಪೆಟ್ಟಿಗೆ ಒಡೆದುಹೋಗುವುದು ಅಪರೂಪ. ಸಣ್ಣ ಸಣ್ಣ ಸಮಜಾಯಿಷಿಗಳಿಂದ ಸವೆಯುವುದೇ ಹೆಚ್ಚು.

ಪಾರಣೆಯೂ ವ್ರತವೇ

ಕೊನೆಯ ದಿನವನ್ನು ವ್ರತದ ಹೊರಗೆ ಎಣಿಸುವ ಈ ಅಭ್ಯಾಸಕ್ಕೆ ಮದ್ದು ಪ್ರೋಷಧೋಪವಾಸದ ವಿಧಿಯಲ್ಲಿಯೇ ಇದೆ. ಅಷ್ಟಮಿ ಚತುರ್ದಶಿಗಳಲ್ಲಿ ಉತ್ಕೃಷ್ಟ ಪ್ರೋಷಧವನ್ನು ಆಚರಿಸುವವನು ಉಪವಾಸದ ಒಂದು ದಿನವನ್ನು ಮಾತ್ರ ಎಣಿಸುವುದಿಲ್ಲ. ಹಿಂದಿನ ದಿನ ಧಾರಣೆ, ಅಂದು ಏಕಭುಕ್ತ. ಮಾರನೆಯ ದಿನ ಪಾರಣೆ, ಅಂದೂ ಏಕಭುಕ್ತ. ಒಟ್ಟು 16 ಪ್ರಹರ, ಎಂದರೆ 48 ಗಂಟೆ. ಉಪವಾಸ ಮುಗಿದೊಡನೆ ಬಾಯಿಗೆ ಬಂದಂತೆ ಉಣ್ಣುವವನು ಉಪವಾಸವನ್ನು ಬಿಟ್ಟಹಾಗೆಯೇ ಸರಿ. ಈ ವ್ರತದ ಐದು ಅತಿಚಾರಗಳಲ್ಲಿ ಅನಾದರ ಮತ್ತು ಸ್ಮೃತ್ಯನುಪಸ್ಥಾನಗಳನ್ನು, ಎಂದರೆ ಉತ್ಸಾಹ ತಗ್ಗುವುದನ್ನು ಮತ್ತು ನೆನಪು ತಪ್ಪುವುದನ್ನು, ಸೇರಿಸಿರುವುದು ಗಮನಾರ್ಹ. ಹಸಿವಿನ ಮೊದಲ ದಿನದಲ್ಲಿ ಇವು ಕಾಣಿಸಿಕೊಳ್ಳುವುದು ಕಡಮೆ. ಮುಗಿಯುವ ಹೊತ್ತಿಗೆ ಬರುತ್ತವೆ.

ಪ್ರವಾಸಕ್ಕೂ ಧಾರಣೆ ಮತ್ತು ಪಾರಣೆಗಳನ್ನು ಇಟ್ಟುಕೊಳ್ಳಬಹುದು. ಹೊರಡುವ ಮೊದಲು ಅಳತೆಯನ್ನು ಗೊತ್ತುಮಾಡುವುದು ಧಾರಣೆ. ಹಿಂದಿರುಗಿದ ಮೇಲೆ ಸ್ನಾನ ಮಾಡಿ, ಬಸದಿಗೆ ಹೋಗಿ, ನಡೆದ ದೋಷಗಳನ್ನು ಒಂದೊಂದಾಗಿ ನೆನೆದು ಆಲೋಚನೆ ಪ್ರತಿಕ್ರಮಣಗಳನ್ನು ಮಾಡಿ, ಆ ಮೇಲೆ ಮೊದಲ ತುತ್ತನ್ನು ತೆಗೆದುಕೊಳ್ಳುವುದು ಪಾರಣೆ. ದೃಷ್ಟಾಂತದ ತಾಯಿ ತನ್ನ ನಿಯಮವನ್ನು ಹಡಗಿನಿಂದ ಇಳಿಯುವ ತನಕವೆಂದು ಇಟ್ಟುಕೊಳ್ಳದೆ ಬಸದಿಯ ದರ್ಶನದ ತನಕವೆಂದು ಇಟ್ಟುಕೊಂಡುದರ ವಿವೇಕ ಇಲ್ಲಿದೆ. ಯಾತ್ರೆ ಮುಗಿಯುವುದು ಬಂದರಿನಲ್ಲಲ್ಲ.

ತಂದೆಯವರ ವಿಷಯದಲ್ಲಿಯೂ ನಿರಾಶೆಗೆ ಕಾರಣವಿಲ್ಲ. ಕಟ್ಟಿಗೆ ಮುರಿದಂತೆ ವ್ರತ ಒಮ್ಮೆಗೇ ಮುರಿದುಹೋಯಿತೆಂದು ಕೈಚೆಲ್ಲುವುದು ಎರಡನೆಯ ತಪ್ಪು. ದೋಷವನ್ನು ದೋಷವೆಂದು ಗುರುಗಳ ಮುಂದೆ ಹೇಳಿಕೊಂಡು, ಅವರು ಕೊಟ್ಟ ಪ್ರಾಯಶ್ಚಿತ್ತವನ್ನು ನಡೆಸಿ, ಮತ್ತೆ ವ್ರತದಲ್ಲಿ ನೆಲೆಗೊಳ್ಳುವ ದಾರಿ ತೆರೆದಿದೆ. ಅದಕ್ಕೆ ಛೇದೋಪಸ್ಥಾಪನೆಯೆಂಬ ಹೆಸರು ಮುನಿಗಳ ಚಾರಿತ್ರದಲ್ಲಿ ಬಂದಿದ್ದರೂ, ಅದರ ಭಾವ ಗೃಹಸ್ಥನಿಗೂ ಸಲ್ಲುತ್ತದೆ. ದೋಷವನ್ನು ಒಪ್ಪದೆ ಸಮರ್ಥಿಸಿಕೊಳ್ಳುವವನಿಗೆ ಮಾತ್ರ ಆ ದಾರಿ ಮುಚ್ಚಿದೆ, ಮುಚ್ಚಿದವನೂ ಅವನೇ.

ಎರಡು ಎಚ್ಚರಿಕೆಗಳು

ಮೊದಲನೆಯದು ಶಕ್ತಿಯ ವಿಚಾರ. ಷೋಡಶಕಾರಣ ಭಾವನೆಗಳಲ್ಲಿ ತ್ಯಾಗವನ್ನೂ ತಪಸ್ಸನ್ನೂ ಶಕ್ತಿಗೆ ಅನುಸಾರವಾಗಿ ಎಂದೇ ಹೇಳಿದೆ. ಮುಪ್ಪಿನವರು, ಸಕ್ಕರೆಕಾಯಿಲೆಯವರು, ಹೊತ್ತಿಗೆ ಸರಿಯಾಗಿ ಔಷಧ ತೆಗೆದುಕೊಳ್ಳಬೇಕಾದವರು ವೈದ್ಯರಲ್ಲಿ ವಿಚಾರಿಸಿ, ತಮಗೆ ಬೇಕಾದ ವಿನಾಯಿತಿಯನ್ನು ಹೊರಡುವ ಮೊದಲೇ ನಿಯಮದೊಳಗೆ ಸೇರಿಸಿಕೊಳ್ಳಬೇಕು. ಮೊದಲೇ ಇಟ್ಟ ವಿನಾಯಿತಿ ವ್ರತದ ಭಾಗ. ನಡುವೆ ಹುಟ್ಟಿದ ವಿನಾಯಿತಿ ವ್ರತದ ತೂತು.

ಎರಡನೆಯದು ಪ್ರವಾಸದ ವಿಚಾರವೇ. ಇಂತಹ ಯಾತ್ರೆಯೇ ಅನರ್ಥದಂಡವಲ್ಲವೆ ಎಂದು ಕೆಲವರು ಕೇಳಬಹುದು. ಪ್ರಯೋಜನವಿಲ್ಲದೆ ಅಲೆಯುವುದನ್ನೂ ಅಲೆಯಿಸುವುದನ್ನೂ ಪ್ರಮಾದಚರ್ಯೆಯೆಂದು ಸಮಂತಭದ್ರಾಚಾರ್ಯರು ಎಣಿಸಿದ್ದಾರೆ. ದಿಗ್ವ್ರತಕ್ಕೆ ಅವರು ಸೂಚಿಸಿದ ಎಲ್ಲೆಗಳಲ್ಲಿ ಸಮುದ್ರವೂ ಒಂದು. ಆದುದರಿಂದ ಸಮುದ್ರವನ್ನೇ ಎಲ್ಲೆಯಾಗಿ ಇಟ್ಟುಕೊಂಡವನಿಗೆ ಈ ಪ್ರಶ್ನೆ ಹುಟ್ಟುವುದಿಲ್ಲ, ಅವನು ಹೋಗತಕ್ಕದ್ದಲ್ಲ. ಎಲ್ಲೆಯನ್ನು ಇನ್ನೂ ಹಾಕಿಕೊಳ್ಳದವನು ತನ್ನ ಪ್ರಯೋಜನವನ್ನು ತಾನೇ ತೂಗಿನೋಡಬೇಕು. ದೂರದಲ್ಲಿರುವ ಮಗನೊಡನೆ ಹನ್ನೆರಡು ದಿನ ಕಳೆಯುವುದನ್ನು ಪ್ರಯೋಜನವಿಲ್ಲದ ಅಲೆದಾಟವೆಂದು ಹೇಳುವುದು ಕಷ್ಟ. ನೋಡಿದ ನಾಡುಗಳ ಪಟ್ಟಿಯನ್ನು ಬೆಳೆಸುವುದಕ್ಕಾಗಿ ವರ್ಷವರ್ಷವೂ ಹೊರಡುವುದನ್ನು ಹಾಗಲ್ಲವೆಂದು ಹೇಳುವುದೂ ಅಷ್ಟೇ ಕಷ್ಟ.

ಮಕ್ಕಳು ಹೊರನಾಡುಗಳಲ್ಲಿ ನೆಲೆಸುತ್ತಿರುವ ಕಾಲವಿದು. ಅವರಿಗೆ ಶಾಸ್ತ್ರದ ವಚನಗಳು ಮರೆತುಹೋಗಬಹುದು. ಹಗಲಿನಂತಹ ಬೆಳಕಿನಲ್ಲಿ, ಯಾರ ಒತ್ತಾಯವೂ ಇಲ್ಲದೆ, ಯಾರ ಮೇಲೂ ಮುನಿಯದೆ ಊಟವನ್ನು ಬಿಟ್ಟು ನಗುನಗುತ್ತ ಕುಳಿತ ತಾಯಿಯನ್ನು ಅವರು ಮರೆಯಲಾರರು. ಸೂರ್ಯನನ್ನು ಕಂಡು ನಿಲ್ಲುವುದು ಅಭ್ಯಾಸ. ಸೂರ್ಯನು ಎಲ್ಲೆಯನ್ನು ತೋರಿಸದಿರುವಾಗಲೂ ನಿಲ್ಲುವುದು ವ್ರತ. ಶ್ರಾವಕ ಶ್ರಾವಿಕೆಯರು ದೂರದ ದಾರಿ ಹಿಡಿಯುವ ಮೊದಲು ಈ ಭೇದವನ್ನು ಮನಸ್ಸಿಗೆ ತಂದುಕೊಂಡು, ತಮ್ಮ ಅಳತೆಯನ್ನು ಗೊತ್ತುಮಾಡಿಕೊಂಡು, ಮರಳಿ ಮನೆಯ ಬಸದಿಯಲ್ಲಿ ಕೈಮುಗಿಯುವ ತನಕ ಅದನ್ನು ಸರಿಸದಿರಲಿ.